ಖಾಲಿಯಾಗದ ಮೇವಿನ ಚೀಲ: ಒಂದು ನಾಟಿ ಕೋಳಿಯ ಕಾಯಿಲೆ ಮತ್ತು ಆರೈಕೆ

ಚುಕ್ಕಿ ನಾಲ್ಕು ವರ್ಷ ದಾಟಿದ ನಾಟಿ ಹೇಂಟೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೇ ಮೊಟ್ಟೆಯೊಡೆದು ಹೊರಬಂದದ್ದು, ಅತ್ತೆಯ ಕೈಯಲ್ಲೇ ಬೆಳೆದದ್ದು. ಅಂಗಳದಲ್ಲಿ ಬೇರೆ ಕೋಳಿಗಳೂ ಇವೆ, ಅವುಗಳಲ್ಲಿ ಕೆಲವು ಹಬ್ಬಕ್ಕೋ ನೆಂಟರಿಗೋ ಸಲ್ಲುತ್ತವೆ. ಚುಕ್ಕಿಯ ವಿಷಯದಲ್ಲಿ ಆ ಮಾತು ನಮ್ಮ ಮನೆಯಲ್ಲಿ ಯಾವತ್ತೂ ಬಂದಿಲ್ಲ. ಅತ್ತೆ ಮೊರ ಹಿಡಿದು ಅಕ್ಕಿ ಆರಿಸಲು ಕೂತರೆ ಅವರ ಸೀರೆಯ ನೆರಿಗೆಗೆ ಒತ್ತಿಕೊಂಡು ಕೂರುವ ಕೋಳಿ ಅದು. ಆರೋಗ್ಯವಾಗಿದ್ದಾಗ ತೂಕ 1,640 ಗ್ರಾಂ. ಜಂತುಹುಳದ ಔಷಧಿಯ ಪ್ರಮಾಣವನ್ನು ತೂಕ ನೋಡಿಯೇ ನಿರ್ಧರಿಸಬೇಕಾದ್ದರಿಂದ ನಮ್ಮಲ್ಲಿ ಕೋಳಿಗಳನ್ನು ಆಗಾಗ ತೂಗಿ ಬರೆದಿಡುವ ರೂಢಿಯಿದೆ. ಆ ಒಂದು ಅಂಕಿ ಮುಂದೆ ಬಹಳ ಕೆಲಸಕ್ಕೆ ಬಂತು.

ಕೋಳಿಗೆ ಹುಷಾರಿಲ್ಲ ಎಂದಾಕ್ಷಣ ಎಲ್ಲರೂ ಕೇಳುವುದು ಯಾವ ಔಷಧಿ ಹಾಕಬೇಕು ಎಂದು. ಔಷಧಿಯ ಸರದಿ ಬರುವುದು ನಾಲ್ಕನೆಯದಾಗಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಶಾಖ, ಆಮೇಲೆ ನೀರು, ಆಮೇಲೆ ಮೇವು. ಕಾಯಿಲೆಯ ಹೆಸರು ಗೊತ್ತಾಗುವ ಮೊದಲೇ ಚಳಿಯಿಂದ, ನೀರಿಲ್ಲದೆ, ಹೊಟ್ಟೆಗಿಲ್ಲದೆ ಸಾಯುವ ಕೋಳಿಗಳು ನಮ್ಮ ಊರುಗಳಲ್ಲಿ ಎಷ್ಟೋ. ಚುಕ್ಕಿಯ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದು ಈ ಕ್ರಮ ಯಾಕೆ ಹೀಗೆ ಎಂಬುದು ಇದರಲ್ಲಿ ಹೆಜ್ಜೆಹೆಜ್ಜೆಗೂ ಕಂಡದ್ದರಿಂದ.

ಮೊದಲು ಕಂಡ ಲಕ್ಷಣಗಳು

ಮಳೆ ಇಳಿಮುಖವಾದ ಮೇಲೆ, ದಸರೆಗೆ ಮುಂಚೆ, ಅಡಿಕೆ ತೋಟದ ಕಳೆ ಹೊಡೆಸಿದ್ದೆವು. ಈಗ ಎಲ್ಲ ಕಡೆಯಂತೆ ನಮ್ಮಲ್ಲೂ ಕತ್ತಿ ಮೂಲೆ ಸೇರಿದೆ. ನೈಲಾನ್ ದಾರ ಗಿರಗಿರ ತಿರುಗಿ ಹುಲ್ಲು ಕತ್ತರಿಸುವ ಯಂತ್ರ ಬಂದಿದೆ. ಯಂತ್ರ ಹೋದ ದಾರಿಯಲ್ಲಿ ಮಿಡತೆ, ಎರೆಹುಳ, ಎಳೆ ಚಿಗುರು ಎಲ್ಲ ಹೊರಬೀಳುವುದರಿಂದ ಕೋಳಿಗಳು ದಿನವಿಡೀ ಅಲ್ಲೇ ಕೆದಕುತ್ತಿದ್ದವು. ಅದಾಗಿ ಕೆಲವು ವಾರ ಕಳೆದ ಮೇಲೆ ಚುಕ್ಕಿ ಸಂಜೆ ಎಲ್ಲಕ್ಕಿಂತ ಮೊದಲು ಗೂಡು ಸೇರತೊಡಗಿತು. ಬೆಳಿಗ್ಗೆ ಬಾಗಿಲು ತೆರೆದರೆ ಉಳಿದವೆಲ್ಲ ನುಗ್ಗಿ ಹೋದ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಇಳಿಯುತ್ತಿತ್ತು. ಕಾಳು ಚೆಲ್ಲಿದಲ್ಲಿಗೆ ಬಂದು ನೆಲ ಕುಟ್ಟುತ್ತಿತ್ತು.

“ಅದು ತಿನ್ನುವ ಹಾಗೆ ಮಾಡುತ್ತಿದೆ, ತಿನ್ನುತ್ತಿಲ್ಲ ಮಾರಾಯ್ತಿ. ಹಿಡಿದು ನೋಡು” ಎಂದರು ಅತ್ತೆ.

ಅವರ ಕಣ್ಣು ಸರಿಯಾಗಿಯೇ ಕಂಡಿತ್ತು. ಹಿಂಡಿನಲ್ಲಿ ಬಲಹೀನವಾದದ್ದನ್ನು ಉಳಿದ ಕೋಳಿಗಳು ಕುಕ್ಕಿ ಓಡಿಸುತ್ತವೆ, ಹದ್ದು ಮುಂಗುಸಿಗಳ ಕಣ್ಣೂ ಅದರ ಮೇಲೆಯೇ. ಹಾಗಾಗಿ ಕೋಳಿ ತನ್ನ ಕಾಯಿಲೆಯನ್ನು ಸಾಧ್ಯವಾದಷ್ಟು ದಿನ ಮುಚ್ಚಿಡುತ್ತದೆ. ರೆಕ್ಕೆ ಇಳಿಬಿಟ್ಟು, ಮೈ ಉಬ್ಬಿಸಿ, ಕಣ್ಣು ಮುಚ್ಚಿ ನಿಂತಿತೆಂದರೆ ಕಾಯಿಲೆ ಬಹಳ ದೂರ ಹೋಗಿದೆ ಎಂದೇ ಅರ್ಥ.

ಹಿಡಿದು ತೂಗಿದರೆ 1,290 ಗ್ರಾಂ. ಎದೆಯ ನಡುವಿನ ಮೂಳೆ ಬೆರಳಿಗೆ ಚೂಪಾಗಿ ತಾಗುತ್ತಿತ್ತು, ಅದರ ಎರಡು ಬದಿಯ ಮಾಂಸ ಕರಗಿ ಹೋಗಿತ್ತು. ಜುಟ್ಟು ಕಳೆಗುಂದಿ ಒಂದು ಬದಿಗೆ ವಾಲಿತ್ತು, ತುದಿಯಲ್ಲಿ ನೀಲಿ ಛಾಯೆ. ಹಿಕ್ಕೆ ಅತಿ ಕಡಿಮೆ. ಇದ್ದಷ್ಟೂ ಕಡು ಹಸಿರು, ನೀರುನೀರು.

ಹಸಿರು ಹಿಕ್ಕೆ ಎಂದ ಕೂಡಲೇ ಪಕ್ಕದ ಮನೆಯವರು ಕೊಕ್ಕರೆ ರೋಗ ಎಂದುಬಿಟ್ಟರು. ಆ ಭಯ ಸುಳ್ಳಲ್ಲ. ರಾಣಿಖೇತ್ ಎಂದೂ ಕರೆಯುವ ಆ ರೋಗ ಬಂದರೆ ಊರಿಗೆ ಊರೇ ಕೋಳಿಗಳಿಲ್ಲದೆ ಬರಿದಾಗುತ್ತದೆ, ಅದರಲ್ಲೂ ಹಸಿರು ಭೇದಿ ಇರುತ್ತದೆ. ಆದರೆ ಹಸಿರು ಬಣ್ಣ ಪಿತ್ತರಸದ್ದು. ಹೊಟ್ಟೆಗೆ ಏನೂ ಹೋಗದ ಯಾವ ಕೋಳಿಯ ಹಿಕ್ಕೆಯೂ ಹಸಿರಾಗುತ್ತದೆ. ಹಾಗಾಗಿ ಬಣ್ಣ ನೋಡಿ ತೀರ್ಮಾನಿಸುವ ಬದಲು ಎರಡು ವಿಷಯ ನೋಡಿದೆವು. ಮೊದಲನೆಯದು, ಕಾಯಿಲೆ ಒಂದಕ್ಕೋ ಹಲವಕ್ಕೋ? ಉಳಿದ ಕೋಳಿಗಳೆಲ್ಲ ಚುರುಕಾಗಿದ್ದವು. ಉಸಿರಾಟದಲ್ಲಿ ಗೊರಗೊರ ಇಲ್ಲ, ಕತ್ತು ತಿರುಚುವುದಿಲ್ಲ, ಹಠಾತ್ ಸಾವಿಲ್ಲ. ಎರಡನೆಯದು, ಲಸಿಕೆ. ಎಲ್ಲಕ್ಕೂ ಆಗಿತ್ತು. ಒಂದೇ ಸಲ ಹಲವು ಕೋಳಿ ಸತ್ತಿದ್ದರೆ ಇದು ಮನೆಯಲ್ಲಿ ನೋಡಿಕೊಳ್ಳುವ ವಿಷಯವೇ ಅಲ್ಲ, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಬೇಕು. ಹಕ್ಕಿಜ್ವರ 2012ರಲ್ಲಿ ಹೆಸರಘಟ್ಟಕ್ಕೇ ಬಂದಿತ್ತು. ಅದು ಎಲ್ಲೋ ದೂರದ ಸುದ್ದಿ ಎಂದು ಯಾರೂ ಕೂರುವಂತಿಲ್ಲ.

ಚೀಲದ ಮೇಲೆ ಕೈ

ಕೋಳಿ ನುಂಗಿದ್ದು ನೇರವಾಗಿ ಹೊಟ್ಟೆಗೆ ಹೋಗುವುದಿಲ್ಲ. ಕುತ್ತಿಗೆಯ ಬುಡದಲ್ಲಿ, ಎದೆಯ ಮುಂದೆ, ಕೋಳಿಯ ಬಲಬದಿಗೆ ಒಂದು ಚೀಲವಿದೆ. ಮೇವು ಅಲ್ಲಿ ನೆನೆದು, ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿದು, ಜೀರ್ಣರಸ ಸೇರಿ, ಆಮೇಲೆ ಕಾಳು ಅರೆಯುವ ಗಟ್ಟಿ ಹೊಟ್ಟೆಗೆ ಹೋಗುತ್ತದೆ. ಸಂಜೆ ಗೂಡು ಸೇರುವಾಗ ಈ ಚೀಲ ತುಂಬಿ ಉಬ್ಬಿರಬೇಕು. ಬೆಳಿಗ್ಗೆ ಕೈಗೆ ಸಿಗದಷ್ಟು ಖಾಲಿಯಾಗಿರಬೇಕು. ಕೋಳಿ ಸಾಕುವವರಿಗೆ ಯಾವ ಉಪಕರಣವೂ ಇಲ್ಲದೆ ದಕ್ಕುವ ಅತ್ಯುತ್ತಮ ಪರೀಕ್ಷೆ ಇದೇ. ಸಂಜೆ ಮುಟ್ಟಿ ನೋಡಿ, ಮೇವು ತೆಗೆದಿಟ್ಟು, ಬೆಳಕು ಹರಿಯುವಾಗ ಏನನ್ನೂ ತಿನ್ನಲು ಬಿಡದೆ ಮತ್ತೆ ಮುಟ್ಟಿ ನೋಡುವುದು.

ಚುಕ್ಕಿಯದು ಬೆಳಿಗ್ಗೆಯೂ ಹಾಗೆಯೇ ಇತ್ತು. ನನ್ನ ಮುಷ್ಟಿಗಿಂತ ಸ್ವಲ್ಪ ಚಿಕ್ಕದು, ನಾದಿಟ್ಟ ಹಿಟ್ಟಿನಂತೆ ಒತ್ತಿದರೆ ಒತ್ತಿದ ಗುರುತು ಉಳಿಯುವಂಥದ್ದು. ಬಾಯಿ ತೆರೆಸಿದರೆ ಹುಳಿ ವಾಸನೆ. ನಾಲಿಗೆಯ ಪಕ್ಕದಲ್ಲಿ ಒಂದು ಬಿಳಿ ಮಚ್ಚೆ.

ಚೀಲ ಖಾಲಿಯಾಗದಿರುವುದು ಕೆಲವೊಮ್ಮೆ ತಾನೇ ರೋಗ, ಕೆಲವೊಮ್ಮೆ ಬೇರೆ ರೋಗದ ನೆರಳು. ಮೊಟ್ಟೆ ಒಳಗೆ ಸಿಕ್ಕಿಕೊಂಡರೆ, ಮೊಟ್ಟೆಯ ಹಳದಿ ಹೊಟ್ಟೆಯೊಳಗೆ ಒಡೆದು ಕೀವಾದರೆ, ಜಂತುಹುಳ ವಿಪರೀತವಾದರೆ, ಮಾರೆಕ್ಸ್ ರೋಗದಿಂದ ನರ ಸೋತರೆ, ಆಗಲೂ ಚೀಲ ನಿಂತುಬಿಡುತ್ತದೆ. ಆಗ ಚೀಲವನ್ನೇ ಹಿಡಿದು ಗುದ್ದಾಡಿದರೆ ಉಪಯೋಗವಿಲ್ಲ. ಹಾಗಾಗಿ ಒಂದೊಂದನ್ನೂ ನೋಡಿದೆವು. ಹೊಟ್ಟೆ ಮೃದುವಾಗಿತ್ತು, ನೀರು ತುಂಬಿರಲಿಲ್ಲ, ಗುದದ್ವಾರದ ಬಳಿ ಮೊಟ್ಟೆಯ ಗಟ್ಟಿ ಸಿಗಲಿಲ್ಲ. ಕಾಲುಗಳಲ್ಲಿ ಸರಿಯಾದ ಹಿಡಿತವಿತ್ತು, ನಡಿಗೆಯಲ್ಲಿ ಕುಂಟಿಲ್ಲ. ಪುಕ್ಕದ ಬುಡದಲ್ಲಿ ಹೇನಿರಲಿಲ್ಲ. ತೊಂದರೆ ಚೀಲದ್ದೇ ಇರಬೇಕು ಎಂಬಲ್ಲಿಗೆ ಬಂದೆವು.

ಶಾಖ ಮತ್ತು ನೀರು

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಆ ಬಿಸಿಯನ್ನು ಉಳಿಸಿಕೊಳ್ಳಲು ಮೇವು ಬೇಕು. ಹೊಟ್ಟೆಗಿಲ್ಲದ ಕೋಳಿ ತನ್ನ ಮಾಂಸವನ್ನೇ ಉರಿಸಿ ಬೆಚ್ಚಗಿರುತ್ತದೆ, ಅದೂ ಸಾಲದಾದಾಗ ತಣ್ಣಗಾಗುತ್ತದೆ, ತಣ್ಣಗಾದ ಮೇಲೆ ಕರುಳು ಚಲಿಸುವುದನ್ನೇ ನಿಲ್ಲಿಸುತ್ತದೆ.

ಅತ್ತೆ ಬಚ್ಚಲ ಒಲೆಯ ಪಕ್ಕದಲ್ಲಿಡೋಣ ಎಂದರು. “ಶಾಖ ಚೆನ್ನಾಗಿದೆ ಅತ್ತೆ, ಆದರೆ ಹೊಗೆ ಇದಕ್ಕೆ ಆಗುವುದಿಲ್ಲ” ಎಂದೆ. ಹಕ್ಕಿಗಳ ಶ್ವಾಸಕೋಶಕ್ಕೆ ಮೈತುಂಬ ಹರಡಿದ ಗಾಳಿಚೀಲಗಳು ಅಂಟಿಕೊಂಡಿರುತ್ತವೆ; ನಮಗೆ ಕಣ್ಣುರಿ ತರುವ ಹೊಗೆ ಅವುಗಳಿಗೆ ಎದೆರೋಗ ತರುತ್ತದೆ. ಕೊನೆಗೆ ಜಗುಲಿಯ ಪಕ್ಕದ ಕೋಣೆಯಲ್ಲಿ ತರಕಾರಿ ಕ್ರೇಟ್ ಇಟ್ಟು, ಒಂದು ತುದಿಗೆ ಹಳೆಯ ಕಾಲದ 60 ವಾಟ್ ಬಲ್ಬು ಕಟ್ಟಿದೆವು. ಬಲ್ಬು ಕೋಳಿಗೆ ತಾಗದಷ್ಟು ಮೇಲೆ. ಇನ್ನೊಂದು ತುದಿ ತಂಪಾಗಿಯೇ ಇರಬೇಕು, ಸೆಕೆಯಾದರೆ ಅತ್ತ ಸರಿಯಲು ಜಾಗ ಬೇಕು. ಬಲ್ಬಿನ ಕಡೆ 28ರಿಂದ 30 ಡಿಗ್ರಿ ಬರುವಂತೆ ನೋಡಿಕೊಂಡೆವು. ಕೆಳಗೆ ಹುಲ್ಲೂ ಬೇಡ, ಗೋಣಿಯೂ ಬೇಡ; ಎರಡರ ನಾರನ್ನೂ ಕೋಳಿ ನುಂಗುತ್ತದೆ. ಹಳೆಯ ದಿನಪತ್ರಿಕೆ ಹಾಸಿದೆವು. ಅದರ ಮೇಲೆ ಹಿಕ್ಕೆಯ ಬಣ್ಣ, ಪ್ರಮಾಣ, ನೀರಿನಂಶ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ.

ನೀರಿಗೆ ಬಂದರೆ, ಒಂದು ಲೀಟರಿಗೆ ಕಲಸುವ ಓಆರ್‌ಎಸ್ ಪೊಟ್ಟಣವನ್ನು ಅಷ್ಟೇ ನೀರಿಗೆ ಕಲಸಿ ಉಗುರುಬೆಚ್ಚಗೆ ಮಾಡಿ ಕೊಟ್ಟೆವು. ಕೊಡುವ ರೀತಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಕ್ಕರೆಯಿಂದ ನೀರು ಕುಡಿಸಿಯೇ ಕೊಂದ ಕೋಳಿಗಳಿವೆ. ಕೋಳಿಯ ಬಾಯಿ ತೆರೆದರೆ ನಾಲಿಗೆಯ ಬುಡದಲ್ಲೇ ಒಂದು ಸೀಳು ತೆರೆದು ಮುಚ್ಚುವುದು ಕಾಣುತ್ತದೆ. ಅದು ಉಸಿರಿನ ದಾರಿ. ತಲೆ ಹಿಂದಕ್ಕೆ ಬಗ್ಗಿಸಿ ಬಾಯಿಗೆ ನೀರು ಸುರಿದರೆ ನೇರವಾಗಿ ಅಲ್ಲಿಗೇ ಹೋಗುತ್ತದೆ. ಕೊಕ್ಕಿನ ಬದಿಗೆ ಒಂದು ಹನಿ ತಾಗಿಸಿ, ಅದು ತಾನೇ ನುಂಗಿದ ಮೇಲೆ ಇನ್ನೊಂದು ಹನಿ. ತಾಳ್ಮೆ ಬೇಡುವ ಕೆಲಸ, ಅತ್ತೆಗೆ ಅದು ಚೆನ್ನಾಗಿ ಒಲಿದಿತ್ತು.

ಕೆಲವು ಹನಿ ಬೆಚ್ಚನೆಯ ಕೊಬ್ಬರಿ ಎಣ್ಣೆಯನ್ನೂ ಹಾಗೆಯೇ ನುಂಗಿಸಿ, ಚೀಲವನ್ನು ಬೆರಳ ತುದಿಯಿಂದ ಮೆತ್ತಗೆ ಉಜ್ಜಿದೆವು. ಮೇಲಿನ ಪದರ ಸಡಿಲವಾಯಿತು, ಒಳಗಿನ ಗಂಟು ಮಾತ್ರ ಕದಲಲಿಲ್ಲ. ಆಗ ಬಂದ ಸಲಹೆಗಳು ಒಂದೆರಡಲ್ಲ. ತಲೆಕೆಳಗು ಹಿಡಿದು ಒತ್ತಿದರೆ ವಾಂತಿಯಾಗಿ ಸರಿಹೋಗುತ್ತದೆ ಎಂದರು ಒಬ್ಬರು. ಆ ಕೊಳೆತ ನೀರು ಹೊರಬರುವಾಗ ಉಸಿರಿನ ಸೀಳಿನ ಮೇಲೆಯೇ ಹಾದು ಹೋಗಬೇಕು. ಒಂದು ಗುಟುಕು ಒಳಗೆ ಹೋದರೂ ಕೋಳಿ ಕೈಯಲ್ಲೇ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು ಅರೆದು ಹಾಕಲು ಹೇಳಿದವರೂ ಇದ್ದರು. ಮುಚ್ಚಿಹೋದ ಚೀಲಕ್ಕೆ ಏನು ತುರುಕಿದರೂ ಅಲ್ಲೇ ಕೊಳೆಯುತ್ತದೆ ಎಂದು ಹೇಳಿ ಕೈಮುಗಿದೆ.

ಭಾವ ಒಬ್ಬರು ನೋವಿಗೆಂದು ತಮ್ಮ ಮಂಡಿನೋವಿನ ಮಾತ್ರೆ ತಂದರು. ಡೈಕ್ಲೋಫೆನಾಕ್. ಇದರ ಬಗ್ಗೆ ಮಾತ್ರ ನಾನು ಯಾರ ಮುಲಾಜೂ ನೋಡುವುದಿಲ್ಲ. ಈ ಔಷಧಿ ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು, ದೇಶದಲ್ಲಿ ಅವುಗಳ ಸಂತತಿಯೇ ನೆಲಕಚ್ಚಿತು. ಜಾನುವಾರುಗಳಿಗೆ ಅದನ್ನು ಕೊಡಬಾರದೆಂದು 2006ರಲ್ಲಿ ನಿಷೇಧ ಬಂತು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿ ಒಂದು ಧಾಮವನ್ನೇ ಮಾಡಬೇಕಾಗಿ ಬಂದ ಕಾಲ ಇದು. ಕೋಳಿಯ ಮೂತ್ರಪಿಂಡಕ್ಕೂ ಅದು ವಿಷವೇ. ಮನುಷ್ಯರ ಮಾತ್ರೆಯ ಡಬ್ಬಿಯನ್ನು ಕೋಳಿಯ ಹತ್ತಿರ ತರಬೇಡಿ. ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ಅರ್ಧ ಮಾಡಿ ಹಾಕುವುದೂ ಬೇಡ. ಹುಳಿತ ಚೀಲದಲ್ಲಿ ಬೆಳೆಯುವುದು ಹೆಚ್ಚಾಗಿ ಶಿಲೀಂಧ್ರ, ಆಂಟಿಬಯಾಟಿಕ್ ಬಿದ್ದರೆ ಅದು ಇನ್ನಷ್ಟು ಕೊಬ್ಬುತ್ತದೆ.

ಡಾಕ್ಟರ ಮುಂದೆ

ತೂಕ 1,260ಕ್ಕೆ ಇಳಿದಾಗ ಇನ್ನು ಮನೆಯಲ್ಲಿ ಕಾಯುವುದರಲ್ಲಿ ಅರ್ಥವಿಲ್ಲ ಎಂದು ಪಟ್ಟಣದ ಪಶು ಆಸ್ಪತ್ರೆಗೆ ಒಯ್ದೆವು. ಕೋಳಿಯನ್ನು ಬುಟ್ಟಿಯಲ್ಲಿ ಹೊತ್ತು ಬಸ್ಸಿಳಿಯುವವರನ್ನು ನೋಡಿ ಜನ ಒಂದು ಮಾತು ಆಡಿಯೇ ಆಡುತ್ತಾರೆ: ಬಸ್ ಚಾರ್ಜಿಗೆ ಇನ್ನೊಂದು ಕೋಳಿ ಬರುತ್ತದಲ್ಲ ಎಂದು. ಇನ್ನೊಂದು ಕೋಳಿ ಬರುತ್ತದೆ, ಚುಕ್ಕಿ ಬರುವುದಿಲ್ಲ. ನಮ್ಮ ಕೈಯಿಂದ ಉಂಡು ಬೆಳೆದ ಜೀವ ನರಳುವಾಗ ಲೆಕ್ಕ ಹಾಕುವುದು ನಮ್ಮಿಂದ ಆಗದು.

ಡಾಕ್ಟರು ಚೀಲದ ದ್ರವವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಶಿಲೀಂಧ್ರ ತುಂಬಿತ್ತು. ಆದರೆ ಅದು ಎರಡನೆಯ ತೊಂದರೆ, ಮೊದಲನೆಯದು ಒಳಗಿನ ನಾರಿನ ಗಂಟು, ಇದು ಎಣ್ಣೆಗೂ ಉಜ್ಜುವುದಕ್ಕೂ ಕರಗುವಂಥದ್ದಲ್ಲ, ಚೀಲ ಕೊಯ್ದು ತೆಗೆಯಬೇಕು ಎಂದರು.

“ಇಷ್ಟು ಸೊರಗಿದ ಕೋಳಿ ತಡೆಯುತ್ತದಾ ಡಾಕ್ಟರೇ?” ಎಂದು ಅತ್ತೆ ಕೇಳಿದರು.

“ಇವತ್ತು ತಡೆಯುವುದಿಲ್ಲ ಅಮ್ಮ. ಮೊದಲು ನೀರು ತುಂಬಿಸಿ, ಬೆಚ್ಚಗಿಟ್ಟು ಕರೆತನ್ನಿ, ನಾಳೆ ನೋಡೋಣ.”

ಬಾಯಿಂದ ಕೊಟ್ಟದ್ದು ಸರಿಯಾಗಿ ಇಳಿಯದ ಕಾರಣ ಚರ್ಮದ ಕೆಳಗೆ ಸಲೈನ್ ಕೊಟ್ಟರು. ಕೋಳಿಗೆ ಕಿಲೋ ತೂಕಕ್ಕೆ ದಿನವೊಂದಕ್ಕೆ ಸುಮಾರು 50 ಮಿಲಿಲೀಟರ್ ನೀರಂತೂ ಬೇಕೇ ಬೇಕು, ಒಣಗಿದ ಮೈಗೆ ಅದಕ್ಕೂ ಹೆಚ್ಚು. ಶಿಲೀಂಧ್ರಕ್ಕೆ ನಿಸ್ಟಾಟಿನ್ ಹನಿ ಬರೆದರು. ಇನ್ನೊಂದು ಮಾತನ್ನೂ ಆಗಲೇ ಮುಗಿಸಿಕೊಂಡೆವು. ಚೀಲ ತೆರೆದಾಗ ಕೆಳಗಿನ ದಾರಿಯೂ ಪೂರ್ತಿ ಮುಚ್ಚಿಹೋಗಿದೆ ಎಂದು ಕಂಡರೆ, ಅದನ್ನು ಮತ್ತೆ ಎಚ್ಚರಿಸಿ ಹಸಿವಿನಿಂದ ಸಾಯಲು ಬಿಡುವುದು ಬೇಡ, ನೋವಿಲ್ಲದಂತೆ ಕಳಿಸಿಕೊಡಿ ಎಂದು ಅತ್ತೆಯೇ ಹೇಳಿದರು. ಆ ತೀರ್ಮಾನವನ್ನು ಮೇಜಿನ ಮುಂದೆ ನಿಂತು ಅಳುತ್ತಾ ಮಾಡುವುದಕ್ಕಿಂತ ಹಿಂದಿನ ದಿನ ಶಾಂತವಾಗಿ ಕೂತು ಮಾಡಿದ್ದು ಎಲ್ಲರಿಗೂ ಒಳ್ಳೆಯದಾಯಿತು.

ಮರುದಿನ ಚುಕ್ಕಿಯನ್ನು ಟವೆಲಿನಲ್ಲಿ ಸುತ್ತಿ, ತಲೆ ಮೇಲಿರುವಂತೆ ನಾನೇ ಹಿಡಿದುಕೊಂಡೆ. ಎದೆಯ ಮೇಲಿನ ಪುಕ್ಕ ಕಿತ್ತು, ಆ ಜಾಗಕ್ಕೆ ಮಾತ್ರ ಮರವಟ್ಟಿಸುವ ಚುಚ್ಚುಮದ್ದನ್ನು ನೀರು ಬೆರೆಸಿ ತೆಳುಮಾಡಿ ಕೊಟ್ಟರು. ಹಕ್ಕಿಗಳಿಗೆ ಅದರ ಪ್ರಮಾಣ ಸ್ವಲ್ಪ ಹೆಚ್ಚಾದರೂ ಅಪಾಯ. ಮೊದಲು ಚರ್ಮ ಕೊಯ್ದರು, ಆಮೇಲೆ ರಕ್ತನಾಳ ತಪ್ಪಿಸಿ ಚೀಲದ ಗೋಡೆ. ಒಳಗಿಂದ ಚಿಮುಟದಲ್ಲಿ ಎಳೆದರೆ ಹಗ್ಗದ ಹಾಗೆ ಹೊಸೆದುಕೊಂಡ ಹುಲ್ಲು ಬರುತ್ತಲೇ ಇತ್ತು. ಅದರ ನಡುವೆ ಅಡಿಕೆ ಸಿಪ್ಪೆಯ ನಾರು, ಮತ್ತು ಬೆರಳುದ್ದದ ಕಿತ್ತಳೆ ಬಣ್ಣದ ತುಂಡುಗಳು. ಕಳೆ ಯಂತ್ರದ ನೈಲಾನ್ ದಾರ. ತಿರುಗುವಾಗ ಕಲ್ಲಿಗೆ ಬಡಿದು ತುಂಡಾದದ್ದು, ಕೋಳಿಯ ಕಣ್ಣಿಗೆ ಎರೆಹುಳವಾಗಿ ಕಂಡಿರಬೇಕು. ಹುಲ್ಲಿನ ಉದ್ದ ಎಳೆಗಳು ಆ ದಾರಕ್ಕೆ ಸುತ್ತಿಕೊಂಡು, ಸುತ್ತಿಕೊಂಡು, ದಿನದಿನಕ್ಕೂ ದಪ್ಪವಾಗಿದ್ದವು.

ಹೊರತೆಗೆದದ್ದೆಲ್ಲ 140 ಗ್ರಾಂ ತೂಗಿತು. ಎಂದರೆ ತಕ್ಕಡಿ ಇಷ್ಟು ದಿನ ತೋರಿಸಿದ್ದರಲ್ಲಿ ಅದೂ ಸೇರಿತ್ತು. ಚುಕ್ಕಿಯ ನಿಜವಾದ ತೂಕ 1,120 ಗ್ರಾಂ ಮಾತ್ರ. ಮೂರನೇ ಒಂದು ಭಾಗದಷ್ಟು ಮೈ ಕರಗಿಹೋಗಿತ್ತು. ಡಾಕ್ಟರು ಒಳಗೆ ಬೆರಳಿಟ್ಟು ಕೆಳಗಿನ ದಾರಿ ತೆರೆದಿದೆ ಎಂದು ಖಚಿತ ಮಾಡಿಕೊಂಡು, ಬೆಚ್ಚನೆಯ ಸಲೈನಿನಲ್ಲಿ ಚೀಲ ತೊಳೆದು, ಒಳಗೋಡೆಗೊಂದು ಚರ್ಮಕ್ಕೊಂದು ಹೀಗೆ ಪ್ರತ್ಯೇಕವಾಗಿ ಹೊಲಿಗೆ ಹಾಕಿದರು.

ಹೊಲಿಗೆಯ ನಂತರ ಮನೆಯಲ್ಲಿ

ಶಸ್ತ್ರಚಿಕಿತ್ಸೆ ಮುಗಿಯಲು ಒಂದು ಗಂಟೆಯೂ ಹಿಡಿಯಲಿಲ್ಲ. ಕೋಳಿಯನ್ನು ಉಳಿಸಿದ್ದು ಅದರ ನಂತರದ ಆರೈಕೆ ಎಂದು ಡಾಕ್ಟರೇ ಆಮೇಲೆ ಹೇಳಿದರು.

ಹಸಿದು ಕಂಗಾಲಾದ ಮೈಗೆ ಒಮ್ಮೆಲೇ ಹೊಟ್ಟೆ ತುಂಬ ಕೊಡಬಾರದು. ದೇಹ ತಡೆಯುವುದಿಲ್ಲ, ಹೊಲಿಗೆಯೂ ತಡೆಯುವುದಿಲ್ಲ. ಮೊದಲು ಓಆರ್‌ಎಸ್ ನೀರು ಮಾತ್ರ, 15 ಮಿಲಿಲೀಟರ್. ಅದು ಇಳಿದು ಹಿಕ್ಕೆ ಕಂಡ ಮೇಲೆ ತೆಳ್ಳನೆಯ ಗಂಜಿ: ಕೋಳಿ ಮೇವಿನ ಹಿಟ್ಟನ್ನು ಬಿಸಿನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿದ್ದು, ಬೇಯಿಸಿದ ಮೊಟ್ಟೆಯ ಹಳದಿ ಸ್ವಲ್ಪ, ಮೊಳಕೆ ರಾಗಿಯ ಸರಿ ಸ್ವಲ್ಪ. ಹಾಲು ಬೇಡ, ಕೋಳಿಗೆ ಅದು ಅರಗುವುದಿಲ್ಲ. ಗಂಜಿ ಮೈಬಿಸಿಗೆ ಹತ್ತಿರವಿರಬೇಕು. ತಣ್ಣಗಿದ್ದರೆ ಚೀಲ ಚಲಿಸುವುದಿಲ್ಲ, ಸುಡುವಂತಿದ್ದರೆ ಚೀಲದ ಗೋಡೆ ಬೇಯುತ್ತದೆ. ಮಣಿಕಟ್ಟಿನ ಒಳಬದಿಗೆ ಹನಿ ಬಿಟ್ಟು ನೋಡುವುದನ್ನು ಮಕ್ಕಳನ್ನು ಸಾಕಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ತಾನಾಗಿ ತಿನ್ನುವವರೆಗೆ ನಳಿಕೆಯಿಂದಲೇ ಕೊಡಬೇಕಾಯಿತು. ಇದನ್ನು ಡಾಕ್ಟರು ಎದುರು ನಿಂತು ಮಾಡಿಸಿ ಕಲಿಸಿದರು, ಹಾಗೆಯೇ ಕಲಿಯಬೇಕು. ಮೆತ್ತನೆಯ ರಬ್ಬರ್ ನಳಿಕೆಯನ್ನು ಕೊಕ್ಕಿನ ತುದಿಯಿಂದ ಚೀಲದವರೆಗೆ ಹೊರಗಿನಿಂದಲೇ ಅಳೆದು ಗುರುತು ಮಾಡಿಕೊಳ್ಳುವುದು. ಒಬ್ಬರು ಕತ್ತನ್ನು ಮೇಲಕ್ಕೆ ನೀಳವಾಗಿ ಹಿಡಿಯಬೇಕು. ಇನ್ನೊಬ್ಬರು ಕೋಳಿಯ ಬಾಯಿಯ ಎಡಬದಿಯಿಂದ ಗಂಟಲಿನ ಬಲಬದಿಗೆ, ನಾಲಿಗೆ ಬುಡದ ಸೀಳನ್ನು ತಪ್ಪಿಸಿ, ನಳಿಕೆಯನ್ನು ತಾನಾಗಿ ಜಾರುವಂತೆ ಇಳಿಸಬೇಕು. ತಡೆದರೆ ಒತ್ತಬಾರದು. ಇಳಿದ ಮೇಲೆ ಕತ್ತನ್ನು ಬೆರಳಿನಲ್ಲಿ ಮುಟ್ಟಿದರೆ ಎರಡು ಕೊಳವೆ ಸಿಗಬೇಕು: ಒಂದು ಉಂಗುರ ಉಂಗುರವಾದ ಉಸಿರುನಾಳ, ಪಕ್ಕದಲ್ಲಿ ನಮ್ಮ ನಳಿಕೆ. ಒಂದೇ ಸಿಕ್ಕಿತೆಂದರೆ ನಳಿಕೆ ಉಸಿರುನಾಳದೊಳಗೆ ಹೋಗಿದೆ, ತಕ್ಷಣ ತೆಗೆಯಬೇಕು. ಎರಡೂ ಸಿಕ್ಕಿದ ಮೇಲೆಯೇ ಸಿರಿಂಜು ಒತ್ತುವುದು. ನಾನು ಪ್ರತಿ ಸಲವೂ ಎರಡೆರಡು ಬಾರಿ ಮುಟ್ಟಿ ನೋಡುತ್ತಿದ್ದೆ, ಅತ್ತೆ ಅಷ್ಟು ಹೊತ್ತೂ ಚುಕ್ಕಿಯೊಂದಿಗೆ ಮಾತಾಡುತ್ತಲೇ ಇರುತ್ತಿದ್ದರು. ಅವರ ದನಿ ಇದ್ದರೆ ಅದು ಒದ್ದಾಡುತ್ತಿರಲಿಲ್ಲ.

ಪುಸ್ತಕವೊಂದರಲ್ಲಿ ಎಲ್ಲವನ್ನೂ ಬರೆದೆವು. ಒಂದು ಪುಟದಲ್ಲಿ ಹೀಗಿದೆ: “ಬೆಳಿಗ್ಗೆ 6: ಚೀಲ ಖಾಲಿ, ತೂಕ 1,105. ಹಿಕ್ಕೆ ಮೂರು, ಹಸಿರು ಕಡಿಮೆ, ಬಿಳಿ ಟೊಪ್ಪಿ ಇದೆ. ನಿಸ್ಟಾಟಿನ್ ಕೊಟ್ಟು ಸ್ವಲ್ಪ ಹೊತ್ತಿನ ನಂತರ ಗಂಜಿ 20 ಮಿಲೀ. ಗಾಯ ಒಣಗಿದೆ, ಸುತ್ತ ಕೆಂಪಿಲ್ಲ.” ಬಿಳಿ ಟೊಪ್ಪಿ ಎಂದರೆ ಹಿಕ್ಕೆಯ ಮೇಲಿನ ಬಿಳಿ ಪದರ, ಅದು ಕೋಳಿಯ ಮೂತ್ರ. ಕಂದು ಹಿಕ್ಕೆಯ ಮೇಲೆ ಶುಭ್ರ ಬಿಳಿ ಕಂಡಿತೆಂದರೆ ಮೇವು ಒಳಗೆ ಹೋಗಿ ಅರಗಿದೆ, ಮೂತ್ರಪಿಂಡವೂ ಕೆಲಸ ಮಾಡುತ್ತಿದೆ. ಆ ಗುರುತನ್ನು ನೋಡಲು ಬೆಳಗ್ಗೆ ಎದ್ದ ಕೂಡಲೇ ಮನೆಮಂದಿಯೆಲ್ಲ ದಿನಪತ್ರಿಕೆಯ ಮೇಲೆ ಬಗ್ಗುತ್ತಿದ್ದೆವು.

ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಕ್ರೇಟಿನೊಳಗೆ 22 ಡಿಗ್ರಿಗೆ ಇಳಿದಿತ್ತು. ಚುಕ್ಕಿ ಕಣ್ಣು ಮುಚ್ಚಿ ಕತ್ತು ಒಳಗೆಳೆದುಕೊಂಡು ಕೂತಿತ್ತು, ಕಾಲು ತಣ್ಣಗಾಗಿತ್ತು. ಸಂಜೆ ಕೊಟ್ಟ ಗಂಜಿ ಚೀಲದಲ್ಲಿ ಹಾಗೆಯೇ ಕುಲುಕುತ್ತಿತ್ತು. ಮಾಡಿದ ಮೊದಲ ಕೆಲಸ ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಎರಡು ಬದಿಗೆ ಇಟ್ಟು, ಮೇಲೆ ಕಂಬಳಿ ಹೊದಿಸಿದ್ದು. ಗಂಜಿ ನಿಲ್ಲಿಸಿದೆವು. ತಣ್ಣಗಾದ ಕೋಳಿಗೆ ಮೇವು ಕೊಟ್ಟರೆ ಅದು ಒಳಗೇ ಹುಳಿಯುತ್ತದೆ. ಮೈ ಬೆಚ್ಚಗಾದ ಮೇಲೆ ಒಂದಿಷ್ಟು ಬೆಚ್ಚನೆಯ ನೀರು, ಅಷ್ಟೇ. ಬಾಟಲಿಗಳ ನೀರು ಆರಿದಂತೆ ಅತ್ತೆ ಬದಲಾಯಿಸುತ್ತಾ ಬೆಳಗು ಮಾಡಿದರು. ಬೆಳಿಗ್ಗೆ ಹೊತ್ತಿಗೆ ಚೀಲ ಖಾಲಿಯಾಗಿತ್ತು. ಅದೇ ಗಂಜಿ, ಅದೇ ಔಷಧಿ, ಅದೇ ಕೋಳಿ. ನಡುವೆ ಹೆಚ್ಚಾದದ್ದು ಏಳೆಂಟು ಡಿಗ್ರಿ ಶಾಖವೊಂದೇ.

ಗಾಯಕ್ಕೆ ತೆಳು ಮಾಡಿದ ಪೊವಿಡೋನ್ ಅಯೋಡಿನ್ ಸವರುತ್ತಿದ್ದೆವು. ಆ ಹೊತ್ತಿನಲ್ಲಿ ನಮ್ಮ ಕಡೆ ನೊಣದ ಕಾಟ ವಿಪರೀತ, ತೆರೆದ ಗಾಯಕ್ಕೆ ನೊಣ ಕೂತರೆ ಹುಳ ಬೀಳುವುದು ಖಂಡಿತ. ಕ್ರೇಟಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿದೆವು. ಪ್ರತಿ ಸಲ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಕಡ್ಡಾಯ ಮಾಡಿಕೊಂಡೆವು, ಹಿಕ್ಕೆಯಿಂದ ಮನುಷ್ಯರಿಗೂ ಭೇದಿ ಹತ್ತುತ್ತದೆ.

ಹಗಲು ಕ್ರೇಟನ್ನು ಜಗುಲಿಗೆ ತಂದು ಉಳಿದ ಕೋಳಿಗಳು ಕಾಣುವಂತೆ ಇಡುತ್ತಿದ್ದೆವು. ಬಹಳ ದಿನ ಕಣ್ಮರೆಯಾದ ಕೋಳಿಯನ್ನು ಹಿಂಡು ಮರೆಯುತ್ತದೆ, ಮರಳಿ ಬಂದರೆ ಹೊಸಬರನ್ನು ಕುಕ್ಕಿದಂತೆ ಕುಕ್ಕುತ್ತದೆ. ಒಂಟಿತನವೂ ಅದರ ಹಸಿವನ್ನು ಕೊಲ್ಲುತ್ತದೆ ಎಂಬುದು ನನ್ನ ನಂಬಿಕೆ. ಜಗುಲಿಗೆ ತಂದ ಮೇಲೆ ಅದು ಕಣ್ಣು ತೆರೆದಿರುವ ಹೊತ್ತು ಹೆಚ್ಚಾಯಿತು.

ತಾನಾಗಿ ತಿಂದದ್ದು ಗೆದ್ದಲು. ಮರಿಗಳಿಗೆ ಗೆದ್ದಲು ತಂದು ಉದುರಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಅತ್ತೆ ತೋಟದ ಅಂಚಿನ ಕೊಳೆತ ಮರದ ತುಂಡೊಂದನ್ನು ಒಡೆದು, ಮೊರದಲ್ಲಿ ಕೊಡವಿ, ಬೆರಳೆಣಿಕೆಯ ಬಿಳಿ ಹುಳಗಳನ್ನು ಕ್ರೇಟಿನಲ್ಲಿ ಬಿಟ್ಟರು. ಮೆತ್ತನೆಯ ಹುಳ, ನಾರಿಲ್ಲ. ಡಾಕ್ಟರನ್ನು ಫೋನಿನಲ್ಲಿ ಕೇಳಿಯೇ ತಂದದ್ದು. ಚುಕ್ಕಿ ಒಂದು ಕಣ್ಣಿನಿಂದ ನೋಡಿತು, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು, ಟಕ್ಕನೆ ಒಂದನ್ನು ಹೆಕ್ಕಿತು. “ನುಂಗಿತು, ನುಂಗಿತು!” ಎಂದು ಅತ್ತೆ ಕೂಗಿದ್ದಕ್ಕೆ ನನ್ನ ಗಂಡ ಕೊಟ್ಟಿಗೆಯಿಂದ ಓಡಿ ಬಂದರು.

ಹಿಂಡಿಗೆ ಮರಳಿದ್ದು

ಅಲ್ಲಿಂದ ಮುಂದೆ ನಳಿಕೆಯ ಪಾಲು ಇಳಿಯುತ್ತ, ತಾನಾಗಿ ತಿನ್ನುವುದು ಏರುತ್ತ ಹೋಯಿತು. ನೆನೆಸಿದ ಹಿಟ್ಟು, ಆಮೇಲೆ ಬೆಂದ ನುಚ್ಚಕ್ಕಿ, ಹೊಲಿಗೆ ಮಾಗಿದ ಮೇಲೆ ಕಾಳು. ಕಾಳು ಕೊಡುವಾಗ ಸಣ್ಣ ಹರಳು ಮರಳೂ ಬೇಕು, ಹಲ್ಲಿಲ್ಲದ ಜೀವಕ್ಕೆ ಅರೆಯುವ ಕಲ್ಲು ಅದೇ. ಗಾಯದ ಜಾಗದಲ್ಲಿ ಪುಕ್ಕ ಮೂಡಿ ಕೆಂಪು ಮುಚ್ಚುವವರೆಗೆ ಹಿಂಡಿಗೆ ಬಿಡಲಿಲ್ಲ. ಕೆಂಪು ಕಂಡಲ್ಲಿ ಕೋಳಿಗಳು ಕುಕ್ಕದೆ ಬಿಡುವುದಿಲ್ಲ. ಮೊದಲು ಸೌಮ್ಯ ಸ್ವಭಾವದ ಒಂದು ಹೇಂಟೆಯ ಜೊತೆ ಬಿಟ್ಟು, ಆಮೇಲೆ ಎಲ್ಲದರ ಜೊತೆ ಸೇರಿಸಿದೆವು. ಹುಂಜ ಒಂದು ಸುತ್ತು ಬಂದು ನೋಡಿ ಸುಮ್ಮನಾಯಿತು.

ಈಗ ತೂಕ 1,560 ಗ್ರಾಂ. ಔಷಧಿ ನಡೆಯುವಾಗ ಮೊಟ್ಟೆ ಇಡುತ್ತಿರಲಿಲ್ಲ. ಇಟ್ಟಿದ್ದರೂ ಡಾಕ್ಟರು ಹೇಳಿದ ಅವಧಿ ಮುಗಿಯುವವರೆಗೆ ಯಾರೂ ತಿನ್ನುವಂತಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಮತ್ತೆ ಇಡತೊಡಗಿದೆ, ಮೊದಲಿಗಿಂತ ಕಡಿಮೆ. ಹಿಗ್ಗಿದ ಚೀಲ ಪೂರ್ತಿ ಹಿಂದಿನ ಬಿಗಿತಕ್ಕೆ ಬಂದಿಲ್ಲ, ಸಂಜೆಯಾದರೆ ಸ್ವಲ್ಪ ಜೋತಾಡುತ್ತದೆ. ಹಾಗಾಗಿ ಮೇವನ್ನು ಒಮ್ಮೆಲೇ ಹಾಕದೆ ಹಲವು ಸಲ ಸ್ವಲ್ಪಸ್ವಲ್ಪವಾಗಿ ಹಾಕುತ್ತೇವೆ, ಬೆಳಿಗ್ಗೆ ಗೂಡಿನಿಂದ ಇಳಿಸುವಾಗ ಚೀಲ ಮುಟ್ಟಿ ನೋಡುತ್ತೇವೆ. ಸತತ ಎರಡು ಬೆಳಿಗ್ಗೆ ಖಾಲಿಯಾಗದಿದ್ದರೆ ಬುಟ್ಟಿ ತೆಗೆದುಕೊಂಡು ಹೊರಡಬೇಕೆಂದು ಡಾಕ್ಟರು ಹೇಳಿದ್ದಾರೆ. ಹತ್ತಿರದಲ್ಲಿ ಹಕ್ಕಿಗಳನ್ನು ಮುಟ್ಟುವ ವೈದ್ಯರು ಸಿಗದವರಿಗೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಿವೆ.

ತೋಟದಲ್ಲಿ ಯಂತ್ರ ಓಡುವ ದಿನ ಈಗ ಎಲ್ಲ ಕೋಳಿಗಳೂ ಗೂಡಿನಲ್ಲೇ. ಕಡಿದ ಹುಲ್ಲನ್ನು ಒಟ್ಟುಮಾಡಿ ಗೊಬ್ಬರಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇವೆ. ತುಂಡಾದ ದಾರವನ್ನು ಹೆಕ್ಕಲು ಕೆಲಸದವರಿಗೆ ಒಂದು ಡಬ್ಬಿ ಕೊಟ್ಟಿದ್ದೇವೆ, ಬಣ್ಣದ ದಾರವಾದ್ದರಿಂದ ನೆಲದ ಮೇಲೆ ಎದ್ದು ಕಾಣುತ್ತದೆ. ಅದೆಲ್ಲ ಮುಗಿದ ಮೇಲೆಯೇ ಗೂಡಿನ ಬಾಗಿಲು ತೆರೆಯುವುದು.